ಬಿಟ್ಟುಹೋದ ಏಳು ಮನೆಗಳು

"ಜನ ಹೊಗಳಿದರೆ ಮನಸ್ಸು ಹಿಗ್ಗುತ್ತದೆ. ಅದರಿಂದ ಯಾರಿಗೇನು ಕೆಡುಕು, ಗುರುಗಳೇ?" ಎಂದು ಶಾಂತಯ್ಯ ಕೇಳಿದ.

ಅವನು ಮಠದ ಗೋಡೆಯ ಮೇಲೆ ಬೆಟ್ಟಸಾಲಿನ ಚಿತ್ರ ಬರೆದು ಮುಗಿಸಿ ಎಂಟು ದಿನವಾಗಿತ್ತು. ಬಂದವರೆಲ್ಲ ಅದನ್ನು ಕೊಂಡಾಡಿ ಹೋಗುತ್ತಿದ್ದರು. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಚಿತ್ರಕಾರನಿದ್ದ. ದೇವರನ್ನೂ ಅರಸರನ್ನೂ ಬರೆಯುವವರು ಬೇಕಾದಷ್ಟು ಜನರಿದ್ದಾರೆ, ನಾನು ಬೇರೆ ಏನನ್ನಾದರೂ ಬರೆಯಬೇಕು ಎಂದು ಅವನಿಗೆ ಆಸೆಯಿತ್ತು. ಹೀಗಿರುವಾಗ ಕಾಡಿನ ನಡುವೆ ಒಂದು ದೊಡ್ಡ ಜಲಪಾತವಿದೆ ಎಂದು ಕೇಳಿ ನೋಡಲು ಹೋದ. ನೋಡಿದ ಮೇಲೆ ಹಿಂದಿರುಗಲಾಗಲಿಲ್ಲ.

ಜಲಪಾತದ ಬುಡದಲ್ಲಿ ಒಂದು ಮಡು. ಮಡುವಿನ ದಡದಲ್ಲಿ ಮೀನು ಹಿಡಿದು ಬದುಕುವವರ ಏಳು ಮನೆಗಳು. ಅವುಗಳಲ್ಲಿ ಒಂದು ದ್ಯಾಮಕ್ಕ ಎಂಬ ವಿಧವೆಯದು. ಅವಳು ಅವನಿಗೆ ಜಗುಲಿಯಲ್ಲಿ ಮಲಗಲು ಜಾಗ ಕೊಟ್ಟಳು.

ಅವನು ಮೂರು ವರ್ಷ ಅಲ್ಲಿದ್ದ. ಬರೆದದ್ದೆಲ್ಲ ಕೆಡುತ್ತಿತ್ತು. ಬಂಡೆ ಬರುತ್ತಿತ್ತು, ಮರ ಬರುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಅವನು ಚಿತ್ರದ ಬಟ್ಟೆಯನ್ನು ಹರಿದು ಬಿಸಾಡಿ ಉಣ್ಣದೆ ಕೂತಾಗ ದ್ಯಾಮಕ್ಕನೇ ಮುದ್ದೆ, ಮೀನಿನ ಸಾರು ತಂದು ಮುಂದಿಡುತ್ತಿದ್ದಳು. ಯಾವ ಹೊತ್ತಿನಲ್ಲಿ ಯಾವ ಬಂಡೆಯ ಮೇಲೆ ನಿಂತರೆ ಬೀಳುವ ನೀರು ಎಳೆ ಎಳೆಯಾಗಿ ಕಾಣುತ್ತದೆ ಎಂಬುದನ್ನು ತೋರಿಸಿಕೊಟ್ಟವಳೂ ಅವಳೇ. ಬಿಳಿ ಬಣ್ಣ ಸಾಲದೆ ಬಂದಾಗ ಮಡುವಿನಿಂದ ಚಿಪ್ಪುಗಳನ್ನು ಆಯ್ದು, ಸುಟ್ಟು, ಅರೆದುಕೊಟ್ಟಳು. ಮೂರನೆಯ ವರ್ಷದ ಕೊನೆಗೆ ನೀರು ಬಂತು. ಚಿತ್ರ ಮುಗಿಯಿತು.

ಚಿತ್ರಕಾರ ಅದನ್ನು ಸುತ್ತಿಕೊಂಡು ಆ ಸೀಮೆಯ ಪಾಳೆಗಾರನ ಕೋಟೆಗೆ ಹೋದ. ಅದನ್ನು ಸಭೆಯ ಗೋಡೆಗೆ ತೂಗುಹಾಕಿದರು. ಎದುರಿಗೆ ನಿಂತರೆ ಮೈಗೆ ಹನಿ ಸಿಡಿಯುವಂತಿದೆ ಎಂದು ಒಬ್ಬರು ಹೇಳಿದರು. ಆ ಮಾತು ಊರೆಲ್ಲ ಹರಡಿತು.

ಆ ಪಾಳೆಗಾರನಿಗೆ ಕೋಟೆಯೊಳಗೆ ಕಾರಂಜಿಗಳ ತೋಟ ಮಾಡಿಸುವ ಮನಸ್ಸಿತ್ತು. ಅದಕ್ಕೆ ಆ ಜಲಪಾತಕ್ಕೆ ಹರಿದುಬರುವ ಹೊಳೆಯನ್ನು ಮೇಲುಗಡೆಯೇ ತಿರುಗಿಸಬೇಕಾಗಿತ್ತು. ಹಾಗೆ ಮಾಡಿದರೆ ಜಲಪಾತ ಬತ್ತುತ್ತದೆ, ಅಂಥದ್ದು ಈ ಸೀಮೆಯಲ್ಲಿ ಇನ್ನೊಂದಿಲ್ಲ ಎಂದು ಮುದಿ ಪ್ರಧಾನಿ ತಡೆಯುತ್ತ ಬಂದಿದ್ದ. ಈಗ ಪಾಳೆಗಾರ ಗೋಡೆಯ ಕಡೆ ಕೈ ತೋರಿಸಿ, ಜಲಪಾತ ಇಲ್ಲಿಯೇ ಇದೆಯಲ್ಲ ಎಂದ. ಪ್ರಧಾನಿ ಒಪ್ಪಲಿಲ್ಲ. ಬರೆದವನನ್ನೇ ಕೇಳೋಣ ಎಂದು ಚಿತ್ರಕಾರನನ್ನು ಕರೆಸಿದರು. ಏಕೆ ಕೇಳುತ್ತಿದ್ದೇವೆ ಎಂಬುದನ್ನೂ ಪ್ರಧಾನಿ ಅವನಿಗೆ ಬಿಡಿಸಿ ಹೇಳಿದ.

"ಅಲ್ಲಿರುವುದರಲ್ಲಿ ಏನನ್ನಾದರೂ ಇಲ್ಲಿ ಬಿಟ್ಟಿದ್ದೀಯ?" ಎಂದು ಪಾಳೆಗಾರ ಕೇಳಿದ.

ಬಿಟ್ಟದ್ದು ಚಿತ್ರಕಾರನಿಗೆ ಗೊತ್ತಿತ್ತು. ನೀರಿನ ಸದ್ದು ಬಿಟ್ಟುಹೋಗಿತ್ತು. ಹುಲ್ಲಿನ ಮಾಡಿನ ಆ ಏಳು ಮನೆಗಳೂ ಬಿಟ್ಟುಹೋಗಿದ್ದವು. ಒಲೆಯ ಹೊಗೆ ನೀರಿನ ಬಿಳುಪನ್ನು ಮಂಕುಮಾಡುತ್ತದೆ ಎಂದು ಅವನೇ ಬೇಕೆಂದು ಬಿಟ್ಟಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಸಭೆ ತುಂಬಿತ್ತು. ಎಲ್ಲರೂ ಅವನ ಚಿತ್ರವನ್ನು ನೋಡುತ್ತಿದ್ದರು. ಅದರಲ್ಲಿ ಕೊರತೆಯಿದೆ ಎಂದು ತನ್ನ ಬಾಯಿಂದಲೇ ಹೇಳುವುದು ಅವನಿಂದಾಗಲಿಲ್ಲ.

"ಏನೂ ಬಿಟ್ಟಿಲ್ಲ, ಒಡೆಯರೇ" ಎಂದ.

ಪಾಳೆಗಾರ ತನ್ನ ಕೈಯ ಕಡಗವನ್ನು ತೆಗೆದು ಅವನ ಕೈಗೆ ತೊಡಿಸಿದ. ಮರುವಾರವೇ ಹೊಳೆಗೆ ಅಡ್ಡಗಟ್ಟೆ ಹಾಕುವ ಕೆಲಸ ಶುರುವಾಯಿತು.

ಮರುಬೇಸಗೆಗೆ ಜಲಪಾತ ನಿಂತಿತು. ಮಡುವಿನ ನೀರು ಕೊಳೆತು ಮೀನುಗಳು ಸತ್ತವು. ಆರು ಮನೆಯವರು ಗಂಟುಮೂಟೆ ಕಟ್ಟಿ ಎಲ್ಲೆಲ್ಲಿಗೋ ಹೋದರು. ದ್ಯಾಮಕ್ಕ ಮಾತ್ರ ಎರಡು ದಿನ ನಡೆದು ಕೋಟೆಗೆ ಬಂದಳು. ಅಲ್ಲಿ ಏಳು ಮನೆಗಳಿದ್ದವು, ನಮಗೆ ಬದುಕಲು ಎಲ್ಲಾದರೂ ಒಂದು ನೀರಿನ ದಡ ತೋರಿಸಿ ಎಂದು ಪ್ರಧಾನಿಯನ್ನು ಬೇಡಿಕೊಂಡಳು. ಅಲ್ಲಿ ಮನೆಗಳಿದ್ದುದು ಪ್ರಧಾನಿಗೆ ತಿಳಿದಿರಲಿಲ್ಲ. ಅವನು ಅವಳನ್ನು ಚಿತ್ರದ ಮುಂದೆ ಕರೆತಂದು, ಎಲ್ಲಿದ್ದವು ತೋರಿಸು ಎಂದ. ದ್ಯಾಮಕ್ಕ ಬಹಳ ಹೊತ್ತು ಹುಡುಕಿದಳು. ಬಂಡೆಗಳಿದ್ದವು, ಮರಗಳಿದ್ದವು. ಅವಳು ಸುಟ್ಟುಕೊಟ್ಟ ಚಿಪ್ಪಿನ ಬಿಳುಪೂ ಇತ್ತು. ಮನೆ ಇರಲಿಲ್ಲ.

ಪ್ರಧಾನಿ ಚಿತ್ರಕಾರನನ್ನು ಕರೆಸಿ, ಈಕೆ ಹೇಳುವುದು ನಿಜವೇ ಎಂದು ಕೇಳಿದ. ನಿಜ ಎಂದರೆ ಹಿಂದೆ ಸಭೆಯಲ್ಲಿ ಆಡಿದ್ದು ಸುಳ್ಳಾಗುತ್ತಿತ್ತು. ನಾನು ಕಂಡದ್ದನ್ನೆಲ್ಲ ಬರೆದಿದ್ದೇನೆ ಎಂದು ಅವನು ಹೇಳಿದ.

ದ್ಯಾಮಕ್ಕ ಅವನ ಕಡೆ ತಿರುಗಿದಳು. ಬೈಯಲಿಲ್ಲ, ದನಿ ಏರಿಸಲಿಲ್ಲ.

"ನೀನು ಉಂಡ ತಟ್ಟೆಯೂ ನಿನಗೆ ಕಾಣಲಿಲ್ಲವೇನಪ್ಪ?" ಎಂದು ಕೇಳಿದಳು.

ಸುಳ್ಳು ಹೇಳಿ ಜಾಗ ಕೇಳಲು ಬಂದವಳು ಎಂದು ಕಾವಲಿನವರು ಅವಳನ್ನು ಹೊರಗೆ ಕಳಿಸಿದರು. ಅವಳು ಎತ್ತ ಹೋದಳು ಎಂದು ಯಾರೂ ನೋಡಲಿಲ್ಲ.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಶಾಂತಯ್ಯನಿಗೆ ತಡೆಯಲಾಗಲಿಲ್ಲ.

"ಅವನಿಗೆ ಪಶ್ಚಾತ್ತಾಪವಾಗಲಿಲ್ಲವೇ, ಗುರುಗಳೇ?" ಎಂದು ಕೇಳಿದ.

"ಆಯಿತು. ಹೋಗಿ ಜಲಪಾತ ಬತ್ತಿ ಒಣಗಿದ ಆ ಬಂಡೆಯನ್ನು ಬರೆದ, ಜನ ಅದನ್ನು ಮೊದಲಿನದಕ್ಕಿಂತಲೂ ಹೆಚ್ಚು ಹೊಗಳಿದರು" ಎಂದರು ಗುರುಗಳು.