ಆಫ್ ಮಾಡದೆ ಸಿಕ್ಕ ಪ್ರಮೋಷನ್

ಆಯುಧಪೂಜೆ ಮುಗಿದ ಮೇಲಿನ ಮೊದಲ ಮೀಟಿಂಗಿಗೇ ಮ್ಯಾನೇಜರ್ ಪರಶಿವಮೂರ್ತಿ ಬೆವತುಹೋದರು. ಹೆಡ್ ಆಫೀಸಿನವರೆಲ್ಲ ಲ್ಯಾಪ್‌ಟಾಪಿನ ಪರದೆಯಲ್ಲಿ ಕಾದು ಕೂತಿದ್ದಾರೆ, ಇವರ ಮುಖ ಮಾತ್ರ ಅವರಿಗೆ ಕಾಣುತ್ತಿಲ್ಲ. ಐಟಿ ಸಪೋರ್ಟಿನ ನಾಗವೇಣಿ ಓಡಿಬಂದಳು.

"ನಿಮ್ಮ ಐಟಿಯವರಿಗೆ ಗೊತ್ತಿರೋದು ಆಫ್ ಮಾಡಿ ಆನ್ ಮಾಡೋದೊಂದೇ," ಎಂದು ಸಾಹೇಬರು ರೇಗಿದರು. "ಆಫ್ ಮಾಡದೆ ಸರಿಮಾಡು, ಪ್ರಮೋಷನ್ ಕೊಡ್ತೀನಿ."

ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೆ ಪೂಜೆಯ ದಿನ ಸಾಹೇಬರೇ ಇಟ್ಟ ಗಂಧ, ಕುಂಕುಮ ಗಟ್ಟಿಯಾಗಿ ಒಣಗಿತ್ತು. ನಾಗವೇಣಿ ನಗು ನುಂಗಿಕೊಂಡಳು.

"ಇನ್ನೊಂದ್ಸಲ ಜೋರಾಗಿ ಹೇಳಿ ಸರ್."

"ಪ್ರಮೋಷನ್ ಕೊಡ್ತೀನಿ ಅಂದ್ನಲ್ಲಮ್ಮ!"

ಒದ್ದೆ ಬಟ್ಟೆ ತಂದು ಒರೆಸಿದಳು. ಸಾಹೇಬರ ಮುಖ ಪರದೆಯ ಮೇಲೆ ಫಳಫಳ ಹೊಳೆಯಿತು.

"ಇಷ್ಟಕ್ಕೆಲ್ಲ ಪ್ರಮೋಷನ್ನಾ? ಹೋಗಮ್ಮ, ಹೋಗು."

"ಸರ್, ನೀವು ಕುಂಕುಮ ಇಟ್ಟಿದ್ದು ಕ್ಯಾಮೆರಾಕ್ಕೆ. ಮೈಕಿಗಲ್ಲ," ಅಂದಳು ನಾಗವೇಣಿ.

ಪರದೆಯಲ್ಲಿ ಹೆಡ್ ಆಫೀಸಿನವರೆಲ್ಲ ಆಗಲೇ ಚಪ್ಪಾಳೆ ತಟ್ಟುತ್ತಿದ್ದರು.