ಸಿರಿಂಜ್ ಪಂಪಿನ ಮೌನ

ಮಹಾಮಾರಿಯ ಕಾಲದಲ್ಲಿ ದೇವರ ದಯೆಯನ್ನೇ ನಂಬಿ ಮಲಗಿದ್ದ ತಂಗೆವ್ವನ ತಲೆದೆಸೆಯಲ್ಲಿ ಒಂದು ವೆಂಟಿಲೇಟರೂ ಒಂದು ಸಿರಿಂಜ್ ಪಂಪೂ ಇದ್ದವು. ಒಂದು ಉಸಿರು ಕೊಡುತ್ತಿತ್ತು, ಇನ್ನೊಂದು ಮದ್ದು. ಎರಡರ ಕೂಗೂ ಒಂದೇ ತೆರ.

"ಮದ್ದು ಇನ್ನರ್ಧ ಗಂಟೆಗೆ ಮುಗಿಯುತ್ತದೆ!" ಎಂದು ಪಂಪು ಮತ್ತೆಮತ್ತೆ ಕೂಗುತ್ತಿತ್ತು. ನರ್ಸ್ ಪ್ರೆಸಿಲ್ಲಾ, "ಗೊತ್ತಪ್ಪಾ, ಎಷ್ಟು ಸಲ ಹೇಳ್ತೀಯ?" ಎಂದು ಪ್ರತಿ ಸಲವೂ ಅದರ ಬಾಯಿ ಮುಚ್ಚಿಸಿ ಪಕ್ಕದ ಹಾಸಿಗೆಗೆ ಓಡುತ್ತಿದ್ದಳು. ದೇವರು ಅವಳಿಗೂ ಕೊಟ್ಟದ್ದು ಎರಡೇ ಕಿವಿ.

ಅಷ್ಟರಲ್ಲಿ ತಂಗೆವ್ವನ ಉಸಿರಿನ ಕೊಳವೆ ಕಳಚಿತು. ವೆಂಟಿಲೇಟರು ಕೂಗಿತು. ಪಂಪೂ ಕೂಗುತ್ತಲೇ ಇತ್ತು. ಪ್ರೆಸಿಲ್ಲಾ, "ಅದೇ ಪಂಪು" ಎಂದುಕೊಂಡು ತಿರುಗಲಿಲ್ಲ.

"ತಮ್ಮಾ, ದಯವಿಟ್ಟು ಸುಮ್ಮನಿರು," ಎಂದಿತು ವೆಂಟಿಲೇಟರು.

"ನಾನೇನು ನಿನಗಿಂತ ಕಡಿಮೆಯೇ? ನಾನೂ ತಂಗೆವ್ವನಿಗಾಗಿಯೇ ಕೂಗುತ್ತಿದ್ದೇನೆ."

"ಹಾಗಾದರೆ ಅವಳ ಎದೆಯನ್ನು ನೋಡು."

ಪಂಪು ನೋಡಿತು. ಎದೆ ಏಳುತ್ತಿರಲಿಲ್ಲ. ಅದು ತಾನಾಗಿಯೇ ಬಾಯಿ ಮುಚ್ಚಿತು.

ಕೂಗುವಾಗ ಉರಿಯುತ್ತಿದ್ದ ಪಂಪಿನ ಕೆಂಪು ದೀಪ ಆರಿದರೂ ಕೂಗು ನಿಲ್ಲಲಿಲ್ಲ. ತಿರುಗಿ ನೋಡಿದ ಪ್ರೆಸಿಲ್ಲಾ ಮಂಜು ಕವಿದ ಕನ್ನಡಕದೊಳಗಿಂದ ದೀಪ ಆರಿದ್ದನ್ನು ಕಂಡಳು; ಕೂಗುತ್ತಿರುವುದು ಪಂಪಲ್ಲ, ವೆಂಟಿಲೇಟರು. "ಅಯ್ಯೋ ದೇವರೇ!" ಎಂದು ಓಡಿಬಂದು ಕೊಳವೆ ಸೇರಿಸಿದಳು. ಎದೆ ಮೆಲ್ಲನೆ ಎದ್ದಿತು.

ಮದ್ದು ನಿಜಕ್ಕೂ ಮುಗಿಯುವ ಹೊತ್ತಿಗೆ ಪಂಪು ಒಂದೇ ಸಲ ಕೂಗಿತು. "ಬಂದೆನಪ್ಪಾ, ಬಂದೆ," ಎನ್ನುತ್ತಾ ಪ್ರೆಸಿಲ್ಲಾ ಬಂದಳು. ಕರುಣಾಳು ಭಗವಂತ ನಮಗೂ ಸುಮ್ಮನಿರುವ ಹೊತ್ತನ್ನು ತೋರಿಸಲಿ.