ಅಂಬಿಗನ ಚೌಕಟ್ಟಿಗೆ ಮೋನಪ್ಪನ ಗಾಜು

ಹಿಂದೆ, ಹೊಳೆಗೆ ಸೇತುವೆ ಅನ್ನುವುದು ಯಾರ ಕನಸಿಗೂ ಬಾರದ ಕಾಲದಲ್ಲಿ, ಕರೇಮಡುವು ಅಂತ ಒಂದೂರಿತ್ತು. ಬಿಸಿಲು ಏರಿ ಹೊಳೆ ಇಳಿದಾಗ ಆ ಊರಿಗೆ ಚಾಳೀಸಿನ ಮೋನಪ್ಪ ಬರುತ್ತಿದ್ದನಂತೆ. ಚಾಳೀಸು ಅಂದರೆ ಕನ್ನಡಕ. ಹುಟ್ಟಿನಿಂದ ಪತ್ತಾರ, ಚಿನ್ನ ಬೆಳ್ಳಿ ಮುಟ್ಟುವ ಕೈ. ಆದರೆ ಒಂದೇ ಕಡೆ ಕೂತು ಕೆಲಸ ಮಾಡುವುದು ಅವನಿಗೆ ಒಗ್ಗಲಿಲ್ಲ. ಕಾಲಲ್ಲಿ ಚಕ್ರ ಇದ್ದವನು. ತಗಡಿನ ಪೆಟ್ಟಿಗೆಯಲ್ಲಿ ಗಾಜು, ಇಕ್ಕಳ, ಸಾಣೆಕಲ್ಲು ತುಂಬಿಕೊಂಡು ಊರೂರು ತಿರುಗಿದ.

ಹೊಸ ಕನ್ನಡಕ ಅವನಲ್ಲಿ ಇರುತ್ತಿರಲಿಲ್ಲ. ಅಪ್ಪನದೋ ಅಜ್ಜಿಯದೋ ಹಳೇ ಚೌಕಟ್ಟು ತಂದುಕೊಟ್ಟರೆ, ಅದರ ಗಾಜು ಬಿಚ್ಚಿ, ಈಗ ಹಾಕಿಕೊಳ್ಳುವವರ ಕಣ್ಣಿಗೆ ಒಪ್ಪುವ ಗಾಜು ಕೂರಿಸಿಕೊಡುತ್ತಿದ್ದ. ಹಾಗೆ ಹಾಕಿಸಿಕೊಂಡ ಮುದುಕಿಯೊಬ್ಬಳು ಬೆಳದಿಂಗಳಲ್ಲಿ ಸೂಜಿಗೆ ದಾರ ಪೋಣಿಸಿದಳಂತೆ. ಇನ್ನೊಬ್ಬ ಮುದುಕ ಆಚೆ ಊರಿನ ಹೇಂಟೆಯ ಬಣ್ಣ ಹೇಳಿದನಂತೆ. ಇರಲಿ, ಜನ ಹೇಳುತ್ತಾರೆ.

ಕೆಲಸ ಮುಗಿದರೆ ಮೋನಪ್ಪ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತವನು ತಾಟಿನಲ್ಲಿ ರೊಟ್ಟಿ ಇರುವಾಗಲೇ ಎದ್ದು ದಾರಿ ನೋಡುವನು. ಅವನ ಕಣ್ಣಿಗೂ ದೂರದ್ದು ಕಾಣುತ್ತಿರಲಿಲ್ಲ. ಕೈಯ ಕೆಲಸ ಬರಿಗಣ್ಣಲ್ಲೇ ಮಾಡುವನು. ದಾರಿ ಹಿಡಿಯುವಾಗ ಮಾತ್ರ ತನ್ನ ತೆಳು ತಂತಿಯ ಚಾಳೀಸು ಏರಿಸುವನು.

ಒಂದು ಬೇಸಿಗೆ ಅವನು ಕರೇಮಡುವಿಗೆ ಬಂದು, ಕೆಲಸ ಮುಗಿಸಿ, ಆಚೆ ದಾಟಲು ಹೊಳೆದಂಡೆಗೆ ಹೋದ. ಹೋಗುವಷ್ಟರಲ್ಲಿ ಅಲ್ಲಿ ಊರಿಗೆ ಊರೇ ನೆರೆದಿತ್ತು. ಮೇಲೆ ಎಲ್ಲೋ ಕಾಲವಲ್ಲದ ಕಾಲದಲ್ಲಿ ಮಳೆ ಸುರಿದು, ಹೊಳೆ ಕೆಂಪಗೆ ತಿರುಗಿ ಏರುತ್ತಿತ್ತು. ಹೊಳೆ ನಡುವಿನ ಮರಳು ದಿಬ್ಬದಲ್ಲಿ ಕಲ್ಲಂಗಡಿ ಹಾಕಿದ್ದ ಯಮನವ್ವ, ಅವಳ ಮಕ್ಕಳು, ಅವಳ ಮುದಿ ಅತ್ತೆ ಸಿಕ್ಕಿಕೊಂಡಿದ್ದರು.

ಹರಿಗೋಲು ಅಂಬಿಗರ ದುರಗಪ್ಪನದು. ಅವನು ಹರಿಗೋಲನ್ನು ನೀರಿಗೆ ಇಳಿಸಿ, ಒಳಗೆ ಕೂತು, ಹುಟ್ಟು ಹಿಡಿದುಕೊಂಡೇ ಇದ್ದ. ಹೊರಡಲಿಲ್ಲ. ಜನ ಬೇಡಿಕೊಂಡರು, ಆಮೇಲೆ ಬೈದರು. ಜೀವಕ್ಕೆ ಹೆದರಿದ ಅಂಬಿಗ ಅಂತ ಹೆಂಗಸರು ಮಣ್ಣು ತೂರಿದರು.

ಮೋನಪ್ಪ ದುರಗಪ್ಪನ ಮುಖವನ್ನೇ ನೋಡಿದ. ಎಲ್ಲರೂ ದಿಬ್ಬದ ಕಡೆ ನೋಡುತ್ತಿದ್ದರೆ ಅಂಬಿಗ ಬರೀ ನೀರಿನ ಕಡೆ ಮುಖ ಮಾಡಿದ್ದ. ಮೋನಪ್ಪ ಮೊಣಕಾಲುದ್ದ ನೀರಿಗಿಳಿದು ಹತ್ತಿರ ಹೋದ.

"ಮಾವಾ, ಅವರು ಎಲ್ಲಿ ಅದಾರ?" ಅಂತ ಮೆಲ್ಲಗೆ ಕೇಳಿದ.

ದುರಗಪ್ಪ ಅದಕ್ಕಿಂತ ಮೆಲ್ಲಗೆ ಹೇಳಿದ: "ನನಗ ಕಾಣವಲ್ದೋ ತಮ್ಮಾ."

ಅವನ ಮೂಗಿನ ಮೇಲಿದ್ದದ್ದು ತೀರಿಹೋದ ಅಣ್ಣನ ಚಾಳೀಸು. ದಪ್ಪ ಹಿತ್ತಾಳೆ ಚೌಕಟ್ಟು, ಕಿವಿ ಹಿಂದೆ ಬಿಗಿಯಾಗಿ ಕೂರುವ ಕೊಕ್ಕೆ. ಗಾಜೂ ಅಣ್ಣನದೇ, ಅಣ್ಣನ ಕಣ್ಣಿನದೇ. ಅಣ್ಣ ನೋಡಿದ ಗಾಜು ಅಂತ ಇವನು ಬಿಚ್ಚಿಸಿರಲಿಲ್ಲ. ಬಂಡೆಗೆ ನೀರು ಬಡಿಯುವ ಸದ್ದು ಕೇಳಿಕೊಂಡೇ ಇಷ್ಟು ವರ್ಷ ಹುಟ್ಟು ಹಾಕಿದ್ದ. ಇವತ್ತು ಬಂಡೆಗಳೆಲ್ಲ ಮುಳುಗಿ, ಹೊಳೆ ಒಂದೇ ಸದ್ದು ಮಾಡುತ್ತಿತ್ತು.

ಮೋನಪ್ಪ ತನ್ನ ಚಾಳೀಸು ತೆಗೆದು ಅವನಿಗೆ ಹಾಕಿದ. ದುರಗಪ್ಪ ದಿಬ್ಬದ ಕಡೆ ಮುಖ ತಿರುಗಿಸಿದ.

"ಮುದುಕಿ ಕೈ ಬೀಸಾಕತ್ಯಾಳ," ಅಂದ.

ಆದರೆ ಅಂಬಿಗನ ತಲೆ ದೊಡ್ಡದು. ಬಗ್ಗಿದರೆ ಸಾಕು, ಆ ತಂತಿ ಚಾಳೀಸು ಜಾರಿತು. ದಾರ ಕಟ್ಟಿ ಬಿಗಿದರೆ ಹುಬ್ಬಿಗೆ ಏರಿತು. ಎರಡೂ ಕೈ ಹುಟ್ಟಿನ ಮೇಲಿರುವಾಗ ಅದನ್ನು ಹಿಡಿಯುವವರು ಯಾರು? ಮೋನಪ್ಪನ ಪೆಟ್ಟಿಗೆಯಲ್ಲಿದ್ದವೆಲ್ಲ ಹತ್ತಿರದ್ದು ಕಾಣಿಸುವ ಗಾಜು. ದೂರದ್ದಕ್ಕೆ ಅಂತ ಇದ್ದವು ತನ್ನ ಚಾಳೀಸಿನ ಇವೇ ಎರಡು.

ಅವನು ದಂಡೆಯ ಮೇಲೆ ಕೂತು ಎರಡೂ ಚೌಕಟ್ಟಿನ ತಿರುಪು ಬಿಚ್ಚಿದ. ಅವನ ಗಾಜು ಅಗಲ, ಹಿತ್ತಾಳೆ ಚೌಕಟ್ಟಿನ ಕಣ್ಣು ಕಿರಿದು. ಅಂಚು ಕಡಿದು ಸಾಣೆ ಹಿಡಿದರೆ ಮಾತ್ರ ಕೂರುತ್ತಿತ್ತು. ಒಮ್ಮೆ ಕಡಿದರೆ ಅದು ತನ್ನ ಚೌಕಟ್ಟಿಗೆ ಮತ್ತೆ ಬರುವುದಿಲ್ಲ. ಇಕ್ಕಳ ಹಿಡಿದ ಕೈ ಅಲ್ಲೇ ನಿಂತಿತಂತೆ. ಆಚೆ ದಂಡೆಯ ದಾರಿ, ಅದರಾಚೆಯ ಊರು, ಅದರಾಚೆಯ ಗುಡ್ಡ, ಎಲ್ಲ ಆ ಗಾಜಿನೊಳಗೇ ಇದ್ದವು. ಅಷ್ಟರಲ್ಲಿ ದಿಬ್ಬದ ಕಡೆಯಿಂದ ಮಗು ಅತ್ತದ್ದು ಕೇಳಿಸಿತು. ಮೋನಪ್ಪ ಕಡಿದ.

ಗಾಜು ಸೀಳು ಬಿಟ್ಟರೆ ಎಲ್ಲ ಮುಗಿಯಿತು. ಸಾಣೆಕಲ್ಲಿಗೆ ಹೊಳೆಯ ನೀರೇ ಹಾಕಿ, ತಿರುಗಿಸಿ ತಿರುಗಿಸಿ ಉಜ್ಜಿದ. ಜನ ಹಿಂದೆ ನಿಂತು ಬೇಗ ಬೇಗ ಅನ್ನುತ್ತಿದ್ದರು. ನೀರು ಅವನ ಪೆಟ್ಟಿಗೆ ಮುಟ್ಟಿ ಅದನ್ನು ತೇಲಿಸಿಕೊಂಡು ಹೋಯಿತು. ಅವನು ತಲೆ ಎತ್ತಲಿಲ್ಲ. ಅವನು ತಿರುಪು ಬಿಗಿಯುವ ತನಕ ಹೊಳೆಯೇ ಉಸಿರು ಹಿಡಿದು ನಿಂತಿತ್ತು ಅನ್ನುತ್ತಾರೆ ಕೆಲವರು. ನಿಂತಿರಲಿಲ್ಲ, ದುರಗಪ್ಪ ದಿಬ್ಬ ಮುಟ್ಟುವಾಗ ಯಮನವ್ವ ಎದೆಮಟ್ಟ ನೀರಲ್ಲಿ ಮಕ್ಕಳನ್ನು ಎತ್ತಿ ಹಿಡಿದಿದ್ದಳು ಅನ್ನುತ್ತಾರೆ ಇನ್ನು ಕೆಲವರು. ಅಂತೂ ಆ ಚಾಳೀಸು ಹಾಕಿಕೊಂಡು ದುರಗಪ್ಪ ಎಲ್ಲರನ್ನೂ ಜೀವಂತ ತಂದ. ಹಿಂದೆಯೇ ಕಲ್ಲಂಗಡಿಗಳು ತೇಲಿಹೋದವು.

ಆಮೇಲೆ ಮೋನಪ್ಪನ ಕಷ್ಟ ಶುರುವಾಯಿತು. ಪೆಟ್ಟಿಗೆ ಇಲ್ಲ, ಕೈಯಲ್ಲಿ ಬರೀ ಚೌಕಟ್ಟು. ಎಂದೂ ನಿಲ್ಲದವನು ಆ ಊರಲ್ಲಿ ಮಳೆಗಾಲ ಪೂರ್ತಿ ನಿಂತ. ಊರು ಅವನನ್ನು ತಲೆ ಮೇಲೆ ಹೊತ್ತು ಸಾಕಿತು. ಆದರೂ ಅವನಿಗೆ ಕೂತರೆ ಕೂರಲಾಗದು, ಮಲಗಿದರೆ ಮಲಗಲಾಗದು. ಬೆಳಗಾದರೆ ದಂಡೆಯ ಮೇಲೆ ಅತ್ತಿಂದಿತ್ತ ನಡೆಯುವನು. ದುರಗಪ್ಪ ಚಾಳೀಸು ಬಿಚ್ಚಿ ಮುಂದಿಟ್ಟು, ನಿನ್ನದು ನೀನು ತಗೋ ಅಂದನಂತೆ.

"ಅದು ಈಗ ನಿನ್ನ ಚೌಕಟ್ಟಿನ ಗಾಜು ಮಾವಾ. ನನ್ನದರಾಗ ನಿಲ್ಲಂಗಿಲ್ಲ," ಅಂದ ಮೋನಪ್ಪ.

ಹೊಳೆ ಇಳಿದ ಕೂಡಲೇ ಅವನು ಹೊರಟ. ಇರು ಅಂದರೆ ಇರಲಿಲ್ಲ. ದುರಗಪ್ಪ ಆಚೆ ದಂಡೆಗೆ ಬಿಟ್ಟು, ಹರಿಗೋಲು ತಿರುಗಿಸಿ, ಈಚೆ ಬಂದು ನಿಂತು ನೋಡಿದ. ಕೋಲೂರಿಕೊಂಡು, ತಡವರಿಸಿಕೊಂಡು ಹೋಗುವ ಮೋನಪ್ಪ ಸಣ್ಣಗಾಗುತ್ತ, ಗುಡ್ಡದ ತಿರುವಿನ ತನಕ ಕಾಣುತ್ತಲೇ ಇದ್ದ. ಅಷ್ಟು ದೂರ ಯಾರನ್ನೂ ದುರಗಪ್ಪ ಕಂಡಿರಲಿಲ್ಲ. ತಿರುವಿನಲ್ಲಿ ಮೋನಪ್ಪ ಒಮ್ಮೆ ಹಿಂತಿರುಗಿ ನೋಡಿದ. ದುರಗಪ್ಪ ಕೈ ಎತ್ತಿದ. ಮೋನಪ್ಪ ಎತ್ತಲಿಲ್ಲ. ಅವನಿಗೆ ಕಾಣಲಿಲ್ಲ.

ಆಮೇಲೆ ಅವನು ಆ ಕಡೆ ಬಂದದ್ದು ಯಾರಿಗೂ ಗೊತ್ತಿಲ್ಲ. ಕರೇಮಡುವಿನಲ್ಲಿ ಈಗಲೂ ಯಾರಾದರೂ ಹಳೇ ಚೌಕಟ್ಟಿಗೆ ಹೊಸ ಗಾಜು ಹಾಕಿಸಿಕೊಂಡು ಬಂದರೆ ಮೊದಲು ಮನೆಗೆ ಹೋಗುವುದಿಲ್ಲ. ಹೊಳೆದಂಡೆಗೆ ಹೋಗಿ, ಗುಡ್ಡದ ತಿರುವು ಸರಿಯಾಗಿ ಕಾಣುತ್ತದೆಯೋ ನೋಡುತ್ತಾರೆ. ಕಂಡರೆ ಕೈ ಎತ್ತುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ. ಆದರೂ ಕೈ ಇಳಿಸುವ ಮುಂಚೆ ಸ್ವಲ್ಪ ಹೊತ್ತು ಕಾಯುತ್ತಾರೆ.